ತೊಗಲಿನ ಅಂಚು

ಮಧುಗಿರಿಯ ರೇಡಿಯೋ ರಿಪೇರಿ ಅಂಗಡಿಯವನು ಸ್ಪೀಕರ್ ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ ಒಳಗೆ ಬೆರಳಾಡಿಸಿದ. ಸದ್ದು ಹೊರಡಿಸುವ ಕಾಗದದ ಬಟ್ಟಲಿನ ಸುತ್ತ ಇದ್ದ ಸ್ಪಂಜಿನ ಅಂಚು ಪುಡಿಪುಡಿಯಾಗಿ ಉದುರಿತು.

“ಇದು ಬೆಂಗಳೂರಲ್ಲೂ ಸಿಗಲ್ಲ ಮೇಡಂ. ತೊಗಲು ಹಾಕ್ಕೊಳ್ಳಿ. ನಿಮ್ಮೋರಿಗೆ ಗೊತ್ತಿರೋ ಕೆಲ್ಸಾನೇ ಅಲ್ವಾ?”

ಬೆಂಚಿನ ಮೇಲಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಸಣ್ಣಕ್ಕ ಕೊಡಿಗೇನಹಳ್ಳಿ ಸ್ಕೂಲಿನ ಮೇಡಂ ಎನ್ನುವುದೂ ಅವನಿಗೆ ಗೊತ್ತಿತ್ತು, ಅವಳ ಕೇರಿಯೂ ಗೊತ್ತಿತ್ತು. ಮಾತಾಡಿದರೆ ಕೈಯೂ ಏಳುತ್ತದೆ ಎಂದು ಹೆದರಿ, ಎರಡು ಪೆಟ್ಟಿಗೆಗಳನ್ನೂ ಎತ್ತಿಕೊಂಡು ತನ್ನೂರಿನ ಮೇಲೆ ಹಾದುಹೋಗುವ ಹಿಂದೂಪುರದ ಬಸ್ಸು ಹತ್ತಿದಳು.

ವರ್ಗವಾಗಿ ಹೋಗುತ್ತಿದ್ದ ಇಂಜಿನಿಯರೊಬ್ಬರಿಂದ ಆಸೆಪಟ್ಟು ಕೊಂಡಿದ್ದ ಸ್ಟೀರಿಯೋ ಅದು. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಇದ್ದಳು. ಪುರವರ ದಾಟುವ ಹೊತ್ತಿಗೆ ಇನ್ನೂ ಕೆಟ್ಟದ್ದೊಂದು ಹೊಳೆಯಿತು. ಅವನು ಅಣಕಿಸಲು ಆಡಿದ ಮಾತು ಸರಿಯಾಗಿಯೇ ಇತ್ತು. ತೆಳ್ಳನೆಯ ತೊಗಲು ಸ್ಪಂಜಿನ ಹಾಗೇ ಬಳುಕುತ್ತದೆ.

ಮನೆಯಲ್ಲಿ ತಾಯಿ ಪೆದ್ದಮ್ಮನಿಗೆ ಹೇಳಿದ್ದೇ ತಡ, ಮುದುಕಿ ಮೊರ ಎಸೆದು ಎದ್ದಳು.

“ತೊಗ್ಲು ಈ ಮನೆ ಒಳೀಕ್ ಬರಕೂಡ್ದು! ಜರ ಬಂದು ಮಲಗಿದ್ದೋನ ಎಳ್ಕೊಂಡೋಗಿ ತಮಟೆ ಬಡಿ ಅಂತ ಊರ್ನೋರು ಒದ್ದ್ರಲ್ಲ, ಅವತ್ತೇ ನಿಮ್ಮಪ್ಪ ತಮಟೇನ ಬಾವೀಗ್ ಎಸ್ದು ನಿನ್ನ ಇಸ್ಕೂಲಿಗ್ ಆಕಿದ್ದು. ಮರ್ತ್ ಬುಟ್ಟಾ?”

“ಮರ್ತಿಲ್ಲ. ನನ್ನ ಪೆಟ್ಟಿಗೆ ನಾನು ಸರಿಮಾಡ್ಕೋತೀನಿ. ಯಾವನು ಏನಂದ್ರೆ ನಂಗೇನು?”

ಕುರಿ ಸಾಕುವ ಜುಂಜಮ್ಮನ ಮನೆಯಿಂದ ಮರಿಯ ತೊಗಲು ತಂದಳು. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಬಿಸಿಲಿಗೆ ಹರಡಿದಳು. ಹಳೆಯ ಸ್ಪಂಜನ್ನು ಬ್ಲೇಡಿನಿಂದ ಹೆರೆದು, ಬಳೆಯಂತೆ ಕತ್ತರಿಸಿದ ತೊಗಲನ್ನು ಸೈಕಲ್ ಪಂಕ್ಚರಿನ ಸಲ್ಯೂಷನ್ ಹಚ್ಚಿ ಅಂಟಿಸಿದಳು. ಒಣಗಿ ಹಲಗೆಯಂತಾಯಿತು. ಹಾಡು ಹಾಕಿದರೆ ಗಡಿಗೆಯೊಳಗಿಂದ ಯಾರೋ ಗೊಣಗಿದಂತೆ ಕೇಳಿತು. ಅದನ್ನು ಕಿತ್ತು ಅಂಗಳಕ್ಕೆ ಬಿಸಾಡಿದಳು. ಎರಡನೆಯ ಸಲ ಅಂಟಿಸಿದ್ದೂ ಹಾಗೇ ಆಯಿತು. ಅಂಗಡಿಯವನ ನಗು ಕಿವಿಯಲ್ಲೇ ಕೂತಿತ್ತು.

ಜಗಲಿಯಿಂದ ನೋಡುತ್ತಿದ್ದ ಪೆದ್ದಮ್ಮನಿಗೆ ತಡೆಯಲಾಗಲಿಲ್ಲ.

“ಇಂಗೇನೇ ಎರೆಯೋದು? ತೊಗ್ಲು ಆಳ್ ಮಾಡ್ಬುಟ್ಟೆ. ಕೊಡಿಲ್ಲಿ!”

ಒಡೆದ ಗಾಜಿನ ಚೂರು ಹಿಡಿದು ಮುದುಕಿ ಕೂತಳು. ತೊಗಲು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುವವರೆಗೆ ಕೆರೆದಳು. ಹರಳೆಣ್ಣೆ ಹಚ್ಚಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದಳು. ಬೈಗುಳ ಮಾತ್ರ ನಿಲ್ಲಲಿಲ್ಲ. ಮಗಳನ್ನು ಬೈದಳು, ಗಂಡನನ್ನು ಒದ್ದವರನ್ನು ಬೈದಳು, ಹೇಳದೆ ಕೇಳದೆ ಸತ್ತ ಗಂಡನನ್ನೂ ಬೈದಳು.

“ಕೆಲ್ಸ ಏನ್ ಕೆಟ್ಟದ್ದಲ್ಲ ಕಣೆ,” ಎಂದಳು ಕೊನೆಗೆ, ತಲೆಯೆತ್ತದೆ. “ಕರೆದ್ ತಕ್ಷಣ ಓಡ್ಬೇಕಿತ್ತಲ್ಲ, ಅದು.”

ಸಣ್ಣಕ್ಕ ಬಟ್ಟಲು ಅತ್ತಿತ್ತ ವಾಲದಂತೆ ನಡುವಿನ ಸಂದಿಗೆ ಕಾಗದದ ಪಟ್ಟಿಗಳನ್ನು ಸಿಕ್ಕಿಸಿ, ಎರಡೂ ಪೆಟ್ಟಿಗೆಗಳಿಗೆ ಹೊಸ ಅಂಚು ಅಂಟಿಸಿದಳು. ಮರುದಿನ ಪಟ್ಟಿಗಳನ್ನು ಎಳೆದು, ವೈರು ಸೇರಿಸಿ ಕ್ಯಾಸೆಟ್ ಹಾಕಿದಳು. ತಬಲದ ಗುಂಯ್ ಎನ್ನುವ ಸದ್ದು ನೆಲದಲ್ಲಿ ಹಾದು ಪಾದಕ್ಕೆ ತಾಗಿತು. ಪೆದ್ದಮ್ಮ ಪೆಟ್ಟಿಗೆಯ ಹತ್ತಿರ ಹೋಗಿ ಬೆರಳ ತುದಿಯಿಂದ ತೊಗಲು ಮುಟ್ಟಿ ನೋಡಿದಳು. ನಗಲಿಲ್ಲ.

ಭಾನುವಾರ ಸಣ್ಣಕ್ಕ ಒಂದು ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಹೊಸಿಲು ದಾಟುತ್ತಿದ್ದಳು.

“ಎಲ್ಲಿಗೆ?”

“ಮಧುಗಿರಿಗೆ. ಆ ನನ್ಮಗನ ಮುಂದೆ ಇಟ್ಟು ನುಡಿಸಿ ಬರ್ತೀನಿ. ಕೇಳ್ಲಿ.”

“ಅವುನ್ ಬಾಗ್ಲಿಗ್ ಒತ್ಕೊಂಡೋಗಿ ನುಡುಸ್ತೀಯಾ? ನಿಮ್ಮಪ್ಪ ಓಯ್ತಿದ್ನಲ್ಲ, ಅಂಗೆ?”

ಸಣ್ಣಕ್ಕನಿಗೆ ತಾಯಿಯ ಮೇಲೆ ಮೈಯೆಲ್ಲ ಉರಿಯಿತು. ಜಗಳ ತೆಗೆಯಲು ಬಾಯಿ ತೆರೆದಳು. ಆದರೆ ಈ ಮಾತೂ ಸರಿಯಾಗಿಯೇ ಇತ್ತು. ಹೊಸಿಲ ಮೇಲೆ ನಿಂತೇ ಇದ್ದಳು. ಅತ್ತ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

ಒಳಗೆ ಬಂದು ಸೀರೆ ಬಿಚ್ಚಿದಳು, ವೈರು ಸಿಕ್ಕಿಸಿದಳು. ಕೋಪ ಇಳಿದಿರಲಿಲ್ಲ, ಇಳಿಯುವ ಹಾಗೂ ಕಾಣಲಿಲ್ಲ. ಗೋಡೆಗೆ ಒರಗಿ ಕುಳಿತು ಕ್ಯಾಸೆಟ್ಟಿನ ಎರಡೂ ಬದಿಗಳನ್ನು ಪೂರ್ತಿ ಕೇಳಿದಳು.