ಮೂರನೆಯ ಮಗುವಿನ ಸನ್ಮಾನ

ಮೂರನೆಯ ಮಗುವನ್ನು ಹೆತ್ತವಳು ಸುಗಂಧಿ. ಕುದ್ರೋಳಿಯ ಸಭಾಂಗಣದಲ್ಲಿ ಅದಕ್ಕಾಗಿ ಶಾಲು, ಹಣ್ಣಿನ ಬುಟ್ಟಿ ಸಿಕ್ಕಿದ್ದು ಅವಳ ಗಂಡ ಯಶೋಧರನಿಗೆ. ಶಾಲು ಹೊದಿಸಿದವರು ದೆಹಲಿಯ ಜನಸಂಖ್ಯಾ ಸಮಿತಿಯಲ್ಲಿದ್ದ ಸ್ವಾಮೀಜಿ. ಗಂಡನ ಸಹಿಯಿಲ್ಲದೆ ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಬಾರದೆಂಬ ಹೊಸ ನಿಯಮ ಅವರದೇ ಕೃಪೆ.

ಇನ್ನೊಂದು ಹೆರಿಗೆಯಾದರೆ ಜೀವ ಉಳಿಯುವುದಿಲ್ಲವೆಂದು ಡಾಕ್ಟರು ಸುಗಂಧಿಗೆ ಹೇಳಿದ್ದರು. ಸಹಿ ಕೇಳಿದರೆ ಯಶೋಧರ, "ಸನ್ಮಾನ ಒಂದು ಆಗ್ಲಿ, ಆಮೇಲೆ ನೋಡುವ" ಎಂದಿದ್ದ.

"ನಾಲ್ಕನೆಯದಕ್ಕೂ ನಾವೇ ಬರ್ತೇವೆ. ಹುಟ್ಟಿಸಿದ ದೇವರು ಸಾಕ್ತಾನೆ" ಎಂದು ಸ್ವಾಮೀಜಿ ಮೈಕಿನಲ್ಲಿ ಹೇಳಿದಾಗ ಯಶೋಧರ ಭಕ್ತಿಯಿಂದ ಕೈಮುಗಿದ.

ಸುಗಂಧಿ ವೇದಿಕೆ ಹತ್ತಿ, ಮಗುವನ್ನು ಸ್ವಾಮೀಜಿಯ ಮಡಿಲಲ್ಲಿ ಮಲಗಿಸಿದಳು.

"ಇದಕ್ಕೆ ಹಸಿವುಂಟು ಸ್ವಾಮೀಜಿ, ನಿಮ್ಮ ದೇವರಿಗೆ ಹೇಳಿ. ನನ್ನ ಹಾಲು ಬೇಕಾದ್ರೆ ಮೊದಲು ಇವರು ಸಹಿ ಹಾಕ್ಲಿ."

ಆಸ್ಪತ್ರೆಯ ಫಾರ್ಮನ್ನು ಗಂಡನ ಮುಂದೆ ಹಿಡಿದು ನಿಂತಳು.

"ಎಂತ ಹೆಂಗಸು ಮಾರಾಯ್ರೆ ಇದು!" ಎಂದು ಸನ್ಮಾನ ಏರ್ಪಡಿಸಿದ್ದ ಸಂಘದ ಅಧ್ಯಕ್ಷರು ಗೊಣಗಿದರು. ಮಗು ಕಿರುಚತೊಡಗಿತು. ಅಷ್ಟು ಮಂತ್ರ ಬಲ್ಲ ಸ್ವಾಮೀಜಿಯ ಬಾಯಿಗೆ ಒಂದು ಜೋಗುಳವೂ ಗೊತ್ತಿರಲಿಲ್ಲ.

ಐದು ನಿಮಿಷವೂ ಆಗಲಿಲ್ಲ. ದೇಶಕ್ಕೇ ನಿಯಮ ಬರೆಸಿದ ಸ್ವಾಮೀಜಿ ತಮ್ಮ ಪೆನ್ನನ್ನೇ ಯಶೋಧರನ ಕೈಗೆ ತುರುಕಿದರು.

"ಸಹಿ ಹಾಕು ಮಾರಾಯ, ಬೇಗ!"