ಬೈರಪ್ಪನ ಗುಟ್ಟೆಗೆ ಎಷ್ಟು ಮೆಟ್ಟಿಲು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದರೆ ಪ್ರೇಮಲತಾ ಪಾಪದವಳು ಅನಿಸುತ್ತಾಳೆ, ಕೊನೆಯದೊಂದನ್ನೇ ಕೇಳಿದರೆ ಕೆಟ್ಟವಳು ಅನಿಸುತ್ತಾಳೆ. ಅದಕ್ಕೇ ಹೇಳಿದ್ದು, ಪೂರ್ತಿ ಕೇಳಿ ಅಂತ.

ಚಾಮರಾಜಪೇಟೆಯ ಮೂರನೇ ಮೇನಿನಿಂದ ಒಳಗೆ ತಿರುಗಿದರೆ ಹಳದಿ ಸುಣ್ಣದ ಒಂದು ಛತ್ರ ಇದೆ. ಗುಟ್ಟೆ ಬೈರಪ್ಪನನ್ನು, ಅಂದರೆ ಗುಡ್ಡದ ಮೇಲಿನ ಬೈರಪ್ಪನನ್ನು, ಮನೆದೇವರಾಗಿ ಪೂಜಿಸುವ ಒಕ್ಕಲಿನವರು ಯಾವ ಕಾಲದಲ್ಲೋ ಕಟ್ಟಿಸಿದ್ದು. ಮದುವೆಗಳೆಲ್ಲ ದೊಡ್ಡ ದೊಡ್ಡ ಹಾಲುಗಳಿಗೆ ಹೋದ ಮೇಲೆ ಹಿಂದಿನ ರೂಮುಗಳನ್ನು ಆಸ್ಪತ್ರೆಗೆ ಬರುವ ಪೇಷಂಟುಗಳಿಗೆ, ಅವರ ಮನೆಯವರಿಗೆ ಕೊಡತೊಡಗಿದರು. ಆದರೆ ಒಕ್ಕಲಿನವರಿಗೆ ಮಾತ್ರ.

ಪ್ರೇಮಲತಾ ಆ ಒಕ್ಕಲಿನವಳಲ್ಲ. ಅವಳೂ ಗಂಡ ಮುರುಗೇಶನೂ ಮುಳಬಾಗಿಲು ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡವರು. ಮುರುಗೇಶನಿಗೆ ಗಂಟಲಲ್ಲಿ ಗಡ್ಡೆ. ಬೆಂಗಳೂರಲ್ಲೇ ಕರೆಂಟ್ ಕೊಡಬೇಕು ಅಂದರು; ರೇಡಿಯೇಷನ್ನಿಗೆ ಆ ಕಡೆ ಕರೆಂಟ್ ಅಂತಲೇ ಅನ್ನುವುದು. ಭಾನುವಾರ ಬಿಟ್ಟು ದಿನಾ ಬರಬೇಕು, ತಪ್ಪಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದರು. ಆ ಗಂಟಲಿಟ್ಟುಕೊಂಡು ದಿನಾ ಬಸ್ಸಿನಲ್ಲಿ ಓಡಾಡಲಾಗದು. ಗಾಂಧಿನಗರದ ಲಾಡ್ಜುಗಳಲ್ಲಿ ರೂಮೇನೋ ಸಿಗುತ್ತದೆ, ಸ್ಟೌ ಹಚ್ಚಲು ಬಿಡುವುದಿಲ್ಲ. ಹೋಟೆಲಿನ ಸಾರು ಅವನ ಗಂಟಲಲ್ಲಿ ಇಳಿಯುವುದಿಲ್ಲ.

ದಾರಿ ತೋರಿಸಿದ್ದು ಪಕ್ಕದ ಹೂವಿನಂಗಡಿಯ ವಿಶಾಲಾಕ್ಷಮ್ಮ.

"ನಮ್ ಛತ್ರ ಐತಲ್ಲ, ಅಡಿಗೆಮನೆ ಸಮೇತ. ನನ್ ತಂಗಿ ಅಂತ ಫೋನ್ ಮಾಡ್ತೀನಿ. ಮನೆದೇವ್ರು ಕೇಳಿದ್ರೆ ಗುಟ್ಟೆ ಬೈರಪ್ಪ ಅನ್ನು. ಇನ್ನೇನಾರ ಕೇಳಿದ್ರೆ ಅತ್ತುಬಿಡು, ಹೆಂಗೂ ಅಳೋ ಟೈಮೇ ಅಲ್ವ. ಸೋರೆಕಾಯಿ ಮಾತ್ರ ಆ ಕಾಂಪೌಂಡ್ ಒಳಕ್ಕೆ ತರ್ಬೇಡ ತಾಯಿ. ನಮಗೆ ದೇವ್ರು ಸಿಕ್ಕಿದ್ದೇ ಸೋರೆ ಬಳ್ಳಿ ಬುಡದಾಗೆ. ನಾವ್ ಯಾರೂ ಅದನ್ನ ಹೆಚ್ಚಲ್ಲ, ತಿನ್ನಲ್ಲ."

ಛತ್ರದ ಮ್ಯಾನೇಜರ್ ನಾಗಭೂಷಣ್ ಒಳ್ಳೆಯ ಮನುಷ್ಯ. ಏನೂ ಕೇಳದೆ ಕೀ ಕೊಟ್ಟರು. ಕೇಳಿದ್ದೆಲ್ಲ ಪಕ್ಕದ ರೂಮಿನ ಅಕ್ಕಯಮ್ಮ.

ಅಕ್ಕಯಮ್ಮ ಮಾಗಡಿ ಕಡೆಯ ಮುದುಕಿ. ಮಗಳು ವಾಣಿಗೆ ಕೀಮೋ ಹಾಕಿಸಲು ಬಂದಿದ್ದಳು. ಎರಡು ರೂಮಿಗೂ ಸೇರಿ ಒಂದೇ ಅಡಿಗೆಮನೆ. ಮೊದಲ ದಿನ ಪ್ರೇಮಲತಾ ಗಂಜಿಗಿಟ್ಟು ನಿಂತಿದ್ದಾಗಲೇ ಮುದುಕಿ ಬಾಗಿಲಿಗೆ ಬಂದು ಒರಗಿದಳು.

"ಯಾರ ಮಗ್ಳಮ್ಮ ನೀನು?"

"ಮುಳಬಾಗ್ಲಮ್ಮ ನಮ್ದು."

"ಊರು ಕೇಳ್ಲಿಲ್ಲ ನಾನು. ಯಾರ ಮಗ್ಳು ಅಂದೆ."

"ಬಚ್ಚಪ್ಪನ ಮಗ್ಳು" ಅಂತ ಬಾಯಿಗೆ ನಿಜವೇ ಬಂದುಬಿಟ್ಟಿತು. ಆ ಒಕ್ಕಲಿನಲ್ಲಿ ಬಚ್ಚಪ್ಪ ಅಂತ ಹೆಸರಿಡುತ್ತಾರೋ ಇಲ್ಲವೋ ಅಂತ ಅವತ್ತೆಲ್ಲ ಅವಳಿಗೆ ಅದೇ ಯೋಚನೆ.

ಮಾರನೆಯ ದಿನ ಮತ್ತೊಂದು. ಮುಡಿ ಕೊಡುವುದು ಗುಟ್ಟೆಯ ಮೇಲೋ ಕೆಳಗೋ? ಕೆಳಗೆ ಅಂದಳು. ಅದರ ಮಾರನೆಯ ದಿನ, ಗುಟ್ಟೆ ಹತ್ತಲು ಮೆಟ್ಟಿಲು ಎಷ್ಟು?

"ಲೆಕ್ಕ ಹಾಕಿಲ್ಲಮ್ಮ. ಮೆಟ್ಲು ಮೆಟ್ಲಿಗೂ ನಿಂತು, ಉಸ್ರು ಸಿಕ್ಕಿದ್ರೆ ಸಾಕು ಅಂತ ಹತ್ತಿದ್ದೆ."

"ಉಸ್ರು ಸಿಕ್ಕಿದ್ರೆ ಸಾಕು ಅಂತ ಹತ್ತಿದ್ದೆ" ಅಂತ ಮುದುಕಿ ಅದನ್ನೇ ತಿರುಗಿ ಹೇಳಿಕೊಂಡಳು. ಅಣಕಿಸಿದ ಹಾಗಿತ್ತು.

ಪ್ರೇಮಲತಾಗೆ ಖಾತ್ರಿಯಾಯಿತು. ಇವಳು ಆಫೀಸಿನವರು ಇಟ್ಟಿರುವ ಕಣ್ಣು. ಇಲ್ಲದಿದ್ದರೆ ಊಟ ಆದ ಮೇಲೆ ಆಫೀಸಿನ ಬಾಗಿಲ ಪಕ್ಕದ ಬೆಂಚಿನಲ್ಲೇ ಯಾಕೆ ಕೂರಬೇಕು? ತಾನು ಮಾರ್ಕೆಟ್ಟಿನಿಂದ ಬಂದಾಗ ಬ್ಯಾಗಿನೊಳಗೆ ಯಾಕೆ ಬಗ್ಗಿ ನೋಡಬೇಕು? ಮುರುಗೇಶನಿಗೆ ಹೇಳಿದರೆ ಅವನು ಸಿಕ್ಕಷ್ಟು ದನಿಯಲ್ಲಿ ತಮಾಷೆ ಮಾಡಿದ: "ಸೋರೆಕಾಯಿ ಮಾರಿ ಬದುಕಿದೋನು ನಾನು. ನನ್ ಕೈ ಮೂಸಿದ್ರೆ ಗೊತ್ತಾಗೋಗ್ತದೆ. ಕೈ ಜೇಬಲ್ಲೇ ಇಟ್ಕೋತೀನಿ ಬಿಡು."

ಆ ತಮಾಷೆಯೂ ಹೆಚ್ಚು ದಿನ ನಡೆಯಲಿಲ್ಲ. ಕರೆಂಟು ಏರುತ್ತಾ ಹೋದ ಹಾಗೆ ಬಾಯಿ, ಗಂಟಲು ಸುಟ್ಟ ಹಾಗಾಯಿತು. ಗಂಜಿ ಇಳಿಯಲಿಲ್ಲ. ಪಡವಲಕಾಯಿ ಬೇಯಿಸಿದಳು, ಸೀಮೆಬದನೆ ಬೇಯಿಸಿದಳು, ಎರಡು ಚಮಚಕ್ಕೇ ಕೈ ಅಡ್ಡ ಹಿಡಿದ. ಆಸ್ಪತ್ರೆಯಲ್ಲಿ ತೂಕ ನೋಡಿ ನರ್ಸು ಮುಖ ಸಣ್ಣ ಮಾಡಿದಳು.

"ಹಿಂಗೇ ಇಳೀತಾ ಹೋದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗತ್ತೆ. ಸೋರೆಕಾಯಿ ಟ್ರೈ ಮಾಡಿದ್ರಾ? ಬೇಳೆ ಜೊತೆ ಬೇಯ್ಸಿ, ನುಣ್ಣಗೆ ಮಾಡಿ, ಆರ್ಸಿ ಕೊಡಿ. ತುಂಬಾ ಜನಕ್ಕೆ ಅದು ಇಳಿಯತ್ತೆ."

ದುನಿಯಾದಲ್ಲಿ ಇಷ್ಟು ತರಕಾರಿ ಇರುವಾಗ ಅದೇ ಆಗಬೇಕೇ ಅಂತ ಪ್ರೇಮಲತಾಗೆ ಅನಿಸಿತು. ಆಟೋದಲ್ಲಿ ಮುರುಗೇಶ ಅವಳ ಮುಖ ನೋಡಿ ಅಂದ, "ಅಂಗ್ಡೀಲಿ ರಾಶಿ ಬಿದ್ದಿರ್ತಿತ್ತಲ್ಲೇ. ಒಂದ್ ದಿನಾನೂ ತಿನ್ಬೇಕು ಅನ್ನಿಸ್ಲಿಲ್ಲ ನೋಡು."

ಮರುದಿನವೇ ಕೆ.ಆರ್. ಮಾರ್ಕೆಟ್ಟಿಗೆ ಹೋದಳು. ಉಗುರು ಊರಿ ನೋಡಿ ಎಳೆಯದೊಂದು ಉದ್ದನೆಯ ಸೋರೆಕಾಯಿ ಆರಿಸಿ, ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಕವರಿನೊಳಗೆ ತೂರಿಸಿ, ಎದೆಗವಚಿಕೊಂಡು ಛತ್ರದ ಗೇಟು ದಾಟಿದಳು. ನಾಗಭೂಷಣ್ ಕವರು ನೋಡಿ ಪಾಪ ಅಂತ ತಲೆ ಆಡಿಸಿದರು.

ಅಕ್ಕಯಮ್ಮ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದ ಸಂಜೆ ಅದು. ಬಾಗಿಲು ಮುಂದೆ ಮಾಡಿ, ಹೆಚ್ಚಿ, ಕುಕ್ಕರಿಗೆ ಹಾಕಿದಳು. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಕಸದ ಬಕೆಟ್ಟಿನ ತಳಕ್ಕೆ ಒತ್ತಿದಳು. ಕುಕ್ಕರ್ ಆರಿಸಿ ಮುಚ್ಚಳ ತೆಗೆದಳೋ ಇಲ್ಲವೋ, ಹಿಂದೆ ಬಾಗಿಲು ಕಿರ್ರ್ ಅಂತು.

"ಏನ್ ಬೇಯ್ಸಿದ್ದೀಯ?" ಅಕ್ಕಯಮ್ಮ.

"ಸೀಮೆಬದನೆ."

ಮುದುಕಿ ಒಳಗೆ ಬಂದಳು, ಪಾತ್ರೆಗೆ ಮೂಗು ತಂದಳು. ಆಮೇಲೆ ಒಂದು ಬಟ್ಟಲು ಮುಂದೆ ಹಿಡಿದಳು.

"ವಾಣಿಗೂ ಒಂಚೂರು ಹಾಕು. ಬೆಳಿಗ್ಗೆಯಿಂದ ನೀರೂ ನಿಲ್ತಿಲ್ಲ ಮಗೀಗೆ."

ಹಾಕದೆ ಇರಲಾದೀತೇ? ಹಾಕಿದಳು. ಹಾಕುವಾಗಲೇ ಅನಿಸಿತು, ಇದು ಸಾಕ್ಷಿಗೆ ಹೋಗುತ್ತಿದೆ, ಬಟ್ಟಲು ಸೀದಾ ಆಫೀಸಿನ ಟೇಬಲ್ಲಿನ ಮೇಲೆ ಕೂರುತ್ತದೆ. ಆದರೆ ಇತ್ತ ಮುರುಗೇಶ ಒಂದು ಪೂರ್ತಿ ಲೋಟ ಕುಡಿದ. ಎಷ್ಟೋ ದಿನದ ಮೇಲೆ ಅವನು ಲೋಟ ಕೆಳಗಿಟ್ಟದ್ದು ಖಾಲಿ ಮಾಡಿ.

ಬೆಳಿಗ್ಗೆ ನಾಗಭೂಷಣ್ ಪ್ರೇಮಲತಾಳನ್ನು ಆಫೀಸಿಗೆ ಕರೆಸಿದರು. ಟೇಬಲ್ಲಿನ ಮೇಲೆ ಬಟ್ಟಲಿರಲಿಲ್ಲ. ಒದ್ದೆ ಪೇಪರು, ಅದರ ಮೇಲೆ ಸೋರೆಕಾಯಿ ಸಿಪ್ಪೆ.

"ಕೂತ್ಕೊಳಮ್ಮ. ಕಸ ತಗಿಯೋಳು ತಂದು ತೋರಿಸಿದ್ಲು. ನಿಮ್ ಅಡಿಗೆಮನೇದೇ ಬಕೆಟ್ಟು. ನಿಮ್ಮನ್ನ ಏನೂ ಅಂತಿಲ್ಲ, ವಿಶಾಲಾಕ್ಷಮ್ಮನೋರ ತಂಗಿ ನೀವು. ಆದ್ರೆ ಆ ಅಕ್ಕಯಮ್ಮ ಇದಾರಲ್ಲ, ಅವ್ರ ಮೇಲೆ ನಂಗೆ ಮೊದ್ಲಿಂದ ಅನುಮಾನ. ಈಗ ಕರ್ದು ಕೇಳ್ದೆ, ಗುಟ್ಟೆಗೆ ಎಷ್ಟು ಮೆಟ್ಲಮ್ಮ ಅಂತ. ಏನಂದ್ರು ಗೊತ್ತಾ? ಲೆಕ್ಕ ಹಾಕಿಲ್ಲ, ಮೆಟ್ಲು ಮೆಟ್ಲಿಗೂ ನಿಂತು, ಉಸ್ರು ಸಿಕ್ಕಿದ್ರೆ ಸಾಕು ಅಂತ ಹತ್ತಿದ್ದೆ ಅಂದ್ರು."

ಪ್ರೇಮಲತಾ ಸಿಪ್ಪೆಯ ಮೇಲಿಂದ ಕಣ್ಣೆತ್ತಿದಳು.

"ನಮ್ ಗುಟ್ಟೆಗೆ ಮೆಟ್ಲೇ ಇಲ್ಲ ಅಲ್ವೇನಮ್ಮ? ಬರೀ ಬಂಡೆ, ಸರಪಳಿ ಹಿಡ್ಕೊಂಡು ಹತ್ತೋದು. ಒಂದ್ಸಲ ಹೋದೋರೂ ಮರೆಯಲ್ಲ."

ಈಗ ಪ್ರೇಮಲತಾಗೆ ಎಲ್ಲ ತಿಳಿಯಿತು. ಮುದುಕಿಯೂ ತನ್ನ ಹಾಗೇ ಸುಳ್ಳು ಹೇಳಿ ಬಂದವಳು; ಕೇಳಿದ್ದು ಪರೀಕ್ಷೆಗಲ್ಲ, ಪಾಠಕ್ಕೆ. ಇವಳು ಬಾಯಿಗೆ ಬಂದದ್ದು ಹೇಳಿದಳು, ಅವಳು ಅದನ್ನೇ ಬಾಯಿಪಾಠ ಮಾಡಿಕೊಂಡಳು. ಹೋಗದ ಗುಟ್ಟೆಗೆ ಇವಳು ಮೆಟ್ಟಿಲು ಕಟ್ಟಿದಳು, ಹತ್ತಲು ಹೋಗಿ ಬಿದ್ದವಳು ಅವಳು.

ನಾಗಭೂಷಣ್ ಕಿಟಕಿಯ ಕಡೆ ಕೈ ತೋರಿಸಿದರು. ಅಂಗಳದಲ್ಲಿ ಬ್ಯಾಗುಗಳ ನಡುವೆ ಇಬ್ಬರು ಕೂತಿದ್ದರು. ಕತ್ತಿಗೆ ಬ್ಯಾಂಡೇಜು ಸುತ್ತಿದ ವಯಸ್ಸಾದ ಗಂಡಸು, ಅವರಿಗೆ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದ ಹೆಂಡತಿ.

"ದೊಡ್ಡಬೈರಪ್ಪ ಅಂತ, ನಮ್ ಒಕ್ಕಲೇ. ಬೆಳಿಗ್ಗೆ ಬಸ್ಸಿಗೆ ಬಂದು ಕೂತವ್ರೆ. ರೂಮಿಲ್ಲ ಅಂತ ಹೆಂಗ್ ಹೇಳ್ಲಿ ನಾನು, ಸುಳ್ಳು ಹೇಳಿದೋರು ಒಳಗಿರೋವಾಗ? ಸಿಪ್ಪೆ ಆಯಮ್ಮಂದೇ ಅಂತ ನೀವು ಒಂದ್ ಮಾತು ಹೇಳ್ಬಿಡಿ, ಮುಗೀತು."

ಪ್ರೇಮಲತಾ ಸಿಪ್ಪೆ ನೋಡಿದಳು. ತೆಳ್ಳಗೆ, ಉದ್ದಕ್ಕೆ, ಮುರಿಯದೆ ತೆಗೆದ ಸಿಪ್ಪೆ. ಅವಳದೇ ಕೈ. ನನ್ನದು ಅಂದರೆ ಇವತ್ತೇ ಗಂಟುಮೂಟೆ. ಮುರುಗೇಶನಿಗೆ ಇನ್ನೂ ಎರಡು ವಾರದ ಕರೆಂಟಿದೆ, ನಿನ್ನೆ ತಾನೇ ಲೋಟ ಖಾಲಿ ಮಾಡಿದ್ದಾನೆ. ಅಕ್ಕಯಮ್ಮನದು ಅನ್ನಲು ನಾಲಿಗೆ ಏಳಲಿಲ್ಲ.

"ನಾನು ನೋಡ್ಲಿಲ್ಲ ಸಾರ್" ಅಂದಳು. "ನಮ್ದಲ್ಲ."

"ನಿಮ್ದಲ್ಲ ಅಂತ ಗೊತ್ತಮ್ಮ" ಅಂತ ನಾಗಭೂಷಣ್ ಪೇಪರು ಮಡಿಸಿದರು.

ಮಧ್ಯಾಹ್ನದೊಳಗೆ ಅಕ್ಕಯಮ್ಮನ ರೂಮು ಖಾಲಿಯಾಯಿತು. ಮೆಜೆಸ್ಟಿಕ್ ಕಡೆ ಯಾವುದಾದರೂ ಲಾಡ್ಜು ಹುಡುಕುತ್ತಾರಂತೆ. ವಾಣಿ ತಲೆಗೆ ಟವೆಲು ಸುತ್ತಿಕೊಂಡು ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಳು. ಮುದುಕಿ ಸ್ಟೌ ಎತ್ತಿಕೊಳ್ಳಲು ಅಡಿಗೆಮನೆಗೆ ಬಂದಳು. ಪ್ರೇಮಲತಾ ಒಲೆಯ ಕಡೆ ತಿರುಗಿ ನಿಂತುಕೊಂಡಳು. ಈಗ ಬೈಯುತ್ತಾಳೆ, ಈಗ ಕೂಗುತ್ತಾಳೆ, ಆಫೀಸಿಗೆ ಕೇಳುವ ಹಾಗೆ ಎಲ್ಲ ಹೇಳುತ್ತಾಳೆ ಅಂತ ಬೆನ್ನು ಬಿಗಿಹಿಡಿದಳು.

"ನಿನ್ ಸೀಮೆಬದನೆ ನಿಲ್ತು ಕಣಮ್ಮ ವಾಣಿಗೆ" ಅಂದಳು ಅಕ್ಕಯಮ್ಮ. "ಇವತ್ತೂ ಕೇಳಿದ್ಲು. ಸೋರೆಕಾಯಿ ಎಳೇದು ಎಲ್ ಸಿಕ್ತು ನಿಂಗೆ?"

"ಮಾರ್ಕೆಟ್ಟಲ್ಲಿ" ಅಂದಳು ಪ್ರೇಮಲತಾ, ಗೋಡೆ ನೋಡುತ್ತಾ.

"ಹೋಗ್ಬರ್ತೀನಿ. ನಿನ್ ಯಜಮಾನ್ರನ್ನ ಹುಷಾರಾಗಿ ನೋಡ್ಕೊ."

ಸಂಜೆ ಆ ರೂಮಿನಲ್ಲಿ ದೀಪ ಹತ್ತಿತು. ಪ್ರೇಮಲತಾ ಅಕ್ಕಿ ತೊಳೆಯುತ್ತಿದ್ದಾಗ ದೊಡ್ಡಬೈರಪ್ಪನ ಹೆಂಡತಿ ಮುನಿಯಕ್ಕ ಅಡಿಗೆಮನೆಯ ಬಾಗಿಲಿಗೆ ಬಂದು ಒರಗಿದಳು. ಒಳ್ಳೆಯ ಹೆಂಗಸು, ರೂಮು ಸಿಕ್ಕ ಸಂತೋಷ ಮುಖದಲ್ಲೇ ಇತ್ತು.

"ನೀವೂ ನಮ್ಮೋರೇ ಅಂತೆ, ಸಾರ್ ಹೇಳಿದ್ರು. ಯಾರ ಮಗ್ಳವ್ವ ನೀನು?"

ಒಳಗೆ ಮುರುಗೇಶ ಖಾಲಿ ಲೋಟ ತಟ್ಟಿ ಕರೆಯುತ್ತಿದ್ದ. ಅವನಿಗೆ ನಿನ್ನೆಯದೇ ಬೇಕು. ಅರ್ಧ ಸೋರೆಕಾಯಿ ಇನ್ನೂ ಸ್ಕ್ಯಾನಿಂಗ್ ಕವರಿನಲ್ಲಿ, ಮಂಚದ ಕೆಳಗಿತ್ತು.

ಆ ಬೆಳಿಗ್ಗೆ ಆ ಟೇಬಲ್ಲಿನ ಮುಂದೆ, ಆ ಸಿಪ್ಪೆಯ ಎದುರು ನೀವು ಕೂತಿದ್ದರೆ ಏನು ಹೇಳುತ್ತಿದ್ದಿರಿ?