ಒಂದೇ ಸೀಟಿನ ನೀಲಿ ಗಾಡಿ

ನನ್ನ ಗಾಡಿಗೆ ಒಂದೇ ಸೀಟು. ಮೂರು ಚಕ್ರ, ಫೈಬರಿನ ಮೈ, ತಿಳಿನೀಲಿ ಬಣ್ಣ. ಕಾಲಿಲ್ಲದವರಿಗೆ, ಕಾಲಿದ್ದೂ ಪ್ರಯೋಜನವಿಲ್ಲದ ನನ್ನಂಥ ಪೋಲಿಯೊದವರಿಗೆ ಸರ್ಕಾರ ಪುಕ್ಕಟೆ ಕೊಡುವ ಗಾಡಿ. ಬಣ್ಣ ಬೇರೆ ಬೇಕೆಂದರೆ ಸಿಗುವುದಿಲ್ಲ. ಇದಕ್ಕೆ ಮುಂಚೆ ಕೊಟ್ಟಿದ್ದಕ್ಕೆ ಕ್ಯಾನ್ವಾಸಿನ ಚಾವಣಿ ಇತ್ತು, ಮಳೆ ಬಂದರೆ ತೊಡೆಯ ಮೇಲೇ ಕೆರೆ. ಇದು ವಾಸಿ. ಸ್ಟೀರಿಂಗ್ ಚಕ್ರದ ಬದಲು ಸೈಕಲ್ ಹ್ಯಾಂಡಲಿನಂಥ ಸರಳು. ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲ ಕೈಯಲ್ಲೇ. ಸೀಟಿನ ಪಕ್ಕ ಖಾಲಿ ಜಾಗ, ಮಡಿಸಿದ ಗಾಲಿಕುರ್ಚಿಗೆ. ಇದರ ನಕ್ಷೆ ಬರೆದ ಪುಣ್ಯಾತ್ಮ ಎಲ್ಲವನ್ನೂ ಯೋಚಿಸಿದ್ದಾನೆ, ನನ್ನ ಜೊತೆ ಒಬ್ಬಳು ಬಂದಾಳು ಅನ್ನುವುದೊಂದನ್ನು ಬಿಟ್ಟು. ಇನ್ನೊಬ್ಬರನ್ನು ಕೂರಿಸಿಕೊಂಡು ಸಿಕ್ಕಿಬಿದ್ದರೆ ಗಾಡಿ ವಾಪಸ್. ಗಾಡಿ ಹೋದರೆ ಇಂಗ್ಲೆಂಡಿನ ಈ ಬರ್ನ್ಲಿ ಊರಿನ ಏರು ರಸ್ತೆಗಳಲ್ಲಿ ನನ್ನ ರೇಡಿಯೊ ರಿಪೇರಿ ಕೆಲಸವೂ ಹೋದಂತೆ.

ಹಾಗಾಗಿ ನಮ್ಮ ಮದುವೆಯ ದಿನ ಮದುಮಗಳು ಬೆರಿಲ್ ಅವಳಪ್ಪನ ಜೊತೆ ಬಾಡಿಗೆ ಕಾರಿನಲ್ಲಿ, ನಾನು ಹಿಂದೆ ಒಬ್ಬನೇ ಗಾಡಿಯಲ್ಲಿ ಎಂದು ತೀರ್ಮಾನವಾಗಿತ್ತು. ನಾನು ತಲೆ ಆಡಿಸಿದ್ದೆ. ಆದರೆ ನನ್ನ ಹೆಂಡತಿಯನ್ನು ಚರ್ಚಿನಿಂದ ಮದುವೆ ಊಟವಿದ್ದ ಕ್ಲಬ್ಬಿನ ತನಕವಾದರೂ ನಾನೇ ಕರೆದುಕೊಂಡು ಹೋಗಬೇಕೆಂಬ ಆಸೆ ಬಿಟ್ಟಿರಲಿಲ್ಲ.

ಬೆರಿಲ್‌ಳ ಅಪ್ಪ ಹೊರೇಸ್ ಶಟಲ್‌ವರ್ತ್ ಹತ್ತಿಗಿರಣಿಯ ಮೇಸ್ತ್ರಿ. ನನ್ನನ್ನು ಕಂಡರೆ ಮಾತಿಗೇನೂ ಕಮ್ಮಿಯಿಲ್ಲ. ಆದರೆ ಮಾತಾಡುವಾಗ ಅವರ ಕಣ್ಣು ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿರುತ್ತದೆ. ಶನಿವಾರ ಫುಟ್‌ಬಾಲ್ ಮೈದಾನದ ಗೆರೆಯ ಪಕ್ಕ ಆಟ ನೋಡಲು ಬಂದ ನನ್ನಂಥವರ ನೀಲಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದು ಸಲ ಅವರು ಗೆಳೆಯರ ಜೊತೆ ನನ್ನ ಮುಂದೆಯೇ ಹಾದುಹೋದರು, ಗುರುತು ಹಿಡಿಯಲಿಲ್ಲ. ಹಿಡಿದಿದ್ದರು ಅನ್ನುವುದು ಅವರ ಸೆಟೆದ ಕತ್ತಿನಿಂದಲೇ ತಿಳಿಯಿತು.

ಮದುವೆ ಮುಗಿದು ಹೊರಗೆ ಬಂದೆವು. ನಾನು ಗಾಲಿಕುರ್ಚಿಯಿಂದ ಗಾಡಿಯ ಸೀಟಿಗೆ ಜಾರಿ ಕೂತೆ. ಫೋಟೋದವನು ಬೆರಿಲ್‌ಳನ್ನು ಬಾಗಿಲಿಗೆ ಒರಗಿ ನಿಲ್ಲಲು ಹೇಳಿದ.

"ಆ ಕುರ್ಚಿ ಅಡ್ಡ ಆಗ್ತಿದೆ," ಅಂದರು ಹೊರೇಸ್, ಅದನ್ನು ತಳ್ಳಿಕೊಂಡು ಹೋದರು.

ಫೋಟೋ ಮುಗಿಯಿತು. ಬೆರಿಲ್ ಬಿಳಿ ಲಂಗ ಎತ್ತಿ ಹಿಡಿದು ಆ ಕಡೆಯ ಬಾಗಿಲು ಸರಿಸಿ ಒಳಗೆ ನುಗ್ಗಿದಳು. ಕುರ್ಚಿಯ ಜಾಗದಲ್ಲಿ ನೆಲದ ಮೇಲೇ ಕುಕ್ಕರಿಸಿದಳು.

"ಹೊರಡು."

"ಹುಚ್ಚೇನೇ ನಿಂಗೆ? ಗಾಡಿ ಕಿತ್ಕೋತಾರೆ."

"ಕಿತ್ಕೊಂಡ್ರೆ ನಾಳೆ ನೋಡೋಣ. ಹೊರಡು ಅಂದ್ನಲ್ಲ."

"ಕುರ್ಚಿ?"

"ಅಪ್ಪ ತರ್ತಾರೆ ಬಿಡೋ."

ಹೊರಟೆ. ಇಂಜಿನ್ ನಮ್ಮಿಬ್ಬರ ಭಾರಕ್ಕೆ ನರಳಿತು. ಅವಳು ನಗುತ್ತಿದ್ದಳು, ನಾನೂ ನಕ್ಕೆ. ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸ್ ನಿಂತಿದ್ದ. ಬೆರಿಲ್ ತಲೆ ತಗ್ಗಿಸಿದಳು, ಮುಸುಕು ಮಾತ್ರ ಬಾಗಿಲಿನ ಸಂದಿಯಿಂದ ಹೊರಗೆ ಹಾರಾಡುತ್ತಿತ್ತು. ಅವನು ನೋಡಿದ, ನೋಡಿ ಅಂಗಡಿಯ ಕಡೆ ಮುಖ ತಿರುಗಿಸಿದ. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ನಿಲ್ಲಿಸುತ್ತಿದ್ದ. ನನಗೆ ಸದ್ಯ ಬದುಕಿದೆ ಅನ್ನಿಸಬೇಕಿತ್ತು, ಅವನ ಕನಿಕರಕ್ಕೆ ಮೈಯೆಲ್ಲ ಉರಿಯಿತು.

ಕ್ಲಬ್ಬಿನ ಮುಂದೆ ನಿಲ್ಲಿಸಿದೆವು. ಬಾಡಿಗೆ ಕಾರು ಬಂತು, ಮನೆಯವರನ್ನು ಇಳಿಸಿ ಇನ್ನೊಂದು ಮದುವೆಗೆ ಓಡಿತು.

"ಅಪ್ಪಾ, ಕುರ್ಚಿ ಎಲ್ಲಿ?" ಅಂದಳು ಬೆರಿಲ್.

ಹೊರೇಸರ ಮುಖ ಬಿಳಿಚಿಕೊಂಡಿತು. "ನೀವು ತಂದಿರ್ತೀರ ಅಂತ..."

"ಅದರ ಜಾಗದಲ್ಲಿ ನಾನು ಕೂತಿದೀನಲ್ಲಪ್ಪಾ!"

ಬಾಗಿಲಲ್ಲಿ ಜನ ಸೇರಿದರು. ಒಳಗಿನಿಂದ ಹಂದಿಮಾಂಸದ ಕಡುಬಿನ ವಾಸನೆ ಬರುತ್ತಿತ್ತು. ಯಾರೋ, "ಅದಕ್ಕೇನು, ಇಬ್ರು ಸೇರಿ ಎತ್ಕೊಂಡು ಹೋಗೋಣ," ಅಂದರು.

ಬೆರಿಲಳ ಸೋದರತ್ತೆ ಎಡಿತ್‌ಗೆ ಆಗಲೇ ಎರಡು ಗ್ಲಾಸ್ ಶೆರಿ ವೈನ್ ಇಳಿದಿತ್ತು. "ಅಯ್ಯೋ, ಮದುಮಗ ಮದುಮಗಳನ್ನ ಎತ್ಕೊಂಡು ಹೊಸಲು ದಾಟಿಸ್ಬೇಕು. ಇಲ್ಲಿ ಮದುಮಗನ್ನೇ ಎತ್ಬೇಕಾ!"

ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೇ ನಿಲ್ಲಿಸಿದರು. ನಗುವಾದರೂ ಪೂರ್ತಿ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಆ ಸರಳು ಹಿಡಿದುಕೊಂಡು ಹಾಗೇ ಗುಡ್ಡದಾಚೆ ಹೊರಟುಹೋಗಬೇಕು ಅನ್ನಿಸಿತು.

"ಯಾರೂ ಮುಟ್ಬೇಡಿ. ಇಲ್ಲೇ ಇರ್ತೀನಿ. ನೀನು ಒಳಗೆ ಹೋಗು ಬೆರಿಲ್."

"ಹೋಗಲ್ಲ."

ಹೊರೇಸ್ ಬಂದ ದಾರಿಯಲ್ಲೇ ಚರ್ಚಿನ ಕಡೆ ನಡೆದು ಹೊರಟರು. ಜನ ಒಬ್ಬೊಬ್ಬರಾಗಿ ಒಳಗೆ ಸರಿದರು. ನಾವಿಬ್ಬರೂ ಗಾಡಿಯಲ್ಲಿ ಕೂತೇ ಇದ್ದೆವು. ಬೆರಿಲ್ ಲಂಗಕ್ಕೆ ಕುರ್ಚಿಯ ಚಕ್ರದ ಕಪ್ಪು ಎಣ್ಣೆ ಮೆತ್ತಿತ್ತು. ಆ ಕಲೆ ನೋಡಿದಷ್ಟೂ ನಾನು ಕುಗ್ಗಿದೆ. ಇವಳಿಗೆ ಕೊಡಲು ನನ್ನಿಂದಾದದ್ದು ಇಷ್ಟೇ ಅನ್ನಿಸಿತು.

ಬಹಳ ಹೊತ್ತಾದ ಮೇಲೆ ಏರಿನ ತುದಿಯಲ್ಲಿ ಹೊರೇಸ್ ಕಾಣಿಸಿದರು. ಎದೆಗೆ ಹೂ ಚುಚ್ಚಿದ ಕೋಟು, ಹೊಳೆಯುವ ಬೂಟು, ಮುಂದೆ ನನ್ನ ಖಾಲಿ ಕುರ್ಚಿ. ಶನಿವಾರದ ಸಂತೆಯ ಜನದ ನಡುವೆ ಅದನ್ನು ತಳ್ಳಿಕೊಂಡು ಬರುತ್ತಿದ್ದರು. ಅಭ್ಯಾಸವಿಲ್ಲದ್ದಕ್ಕೆ ಕಲ್ಲುಹಾಸಿನಲ್ಲಿ ಅದು ಅಡ್ಡಡ್ಡ ಎಳೆಯುತ್ತಿತ್ತು. ಹತ್ತಿರ ಬಂದಾಗ ನೋಡಿದೆ, ಕಿವಿ ಕೆಂಪಗಾಗಿತ್ತು.

"ಫೋಟೋದಲ್ಲಿ ಬರೋದು ಬೇಡ ಅಂತ ನಾನೇ ಚರ್ಚಿನ ಬಾಗಿಲ ಹಿಂದೆ ಅಡಗಿಸಿಟ್ಟಿದ್ದೆ ಕಣಯ್ಯ," ಅಂದರು. ಏದುಸಿರು. "ದಾರಿಯುದ್ದಕ್ಕೂ ಎಲ್ಲರೂ ನನ್ನೇ ನೋಡ್ತಿದ್ರು. ಗಿರಣಿಯ ಹುಡುಗೀರು ನಿಂತು ನೋಡಿದ್ರು. ನಿಂಗೆ ದಿನಾ ಹೀಗೇನಾ?"

"ದಿನಾ."

ಚುಚ್ಚಿ ಹೇಳಲು ನನ್ನಲ್ಲಿ ಇನ್ನೂ ಬೇಕಾದಷ್ಟಿತ್ತು. ಆ ಕಿವಿ ನೋಡಿ ಅಷ್ಟಕ್ಕೇ ಬಿಟ್ಟೆ. ಅವರು ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಜಾರಿ ಕುರ್ಚಿಗೆ ಕೂತೆ, ಚಕ್ರಗಳ ಮೇಲೆ ಕೈಯಿಟ್ಟೆ.

"ಬಿಡಿ ಮಾವ, ನಾನೇ ಹೋಗ್ತೀನಿ."

"ಸುಮ್ನಿರು." ಅವರು ಹಿಡಿಯಿಂದ ಕೈ ತೆಗೆಯಲಿಲ್ಲ. "ನೋಡೋರು ಇಬ್ಬರನ್ನೂ ನೋಡ್ಲಿ."